ದೇಶ ಸುತ್ತುವ ಬಗೆ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಗಾದೆಗಳಲ್ಲಿ ಹಿರಿಯರ ಅನುಭವದ ಸಾರವಿರುತ್ತದೆಂಬುದು ನಿಜ. ಆದರೂ ಈ ಗಾದೆಯ ನಡುವೆ ಕುಳಿತಿರುವ ‘ಇಲ್ಲವೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಕೋಶವನ್ನು ಓದದೆ ದೇಶವನ್ನು ಸುತ್ತುವವನು ಕಣ್ಣಿದ್ದೂ ಕಾಣಲಾರನು. ದೇಶವನ್ನೇ ಸುತ್ತದೆ ಕೋಶವನ್ನಷ್ಟೇ ಓದುವವನು ಕಂಡದ್ದನ್ನೂ ನಂಬಲಾರನು. ಇವೆರಡೂ ಒಂದೇ ಬಂಡಿಯ ಎರಡು ಗಾಲಿಗಳು. ಈ ಮಾತನ್ನು ಕೋಲ್ಕತ್ತ ನಗರದ ನಿದರ್ಶನದಿಂದ ನಮ್ಮ ವಿದ್ಯಾರ್ಥಿಗಳ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಬೆನ್ನಿಗೊಂದು ಚೀಲವನ್ನು ಏರಿಸಿಕೊಂಡು, ಕಡಿಮೆ ಖರ್ಚಿನಲ್ಲಿ, ಊರಿಂದೂರಿಗೆ ತಿರುಗುವುದು ಈಗಿನ ತರುಣರಲ್ಲಿ ಹೆಚ್ಚುತ್ತಿರುವ ಹವ್ಯಾಸ. ಇದು ಒಳ್ಳೆಯದೇ. ಆದರೆ ಹೀಗೆ ಹೋಗುವವರಲ್ಲಿ ಹಲವರು ಒಂದು ನಗರಕ್ಕೆ ಒಂದೇ ಹಗಲನ್ನು ಕೊಡುತ್ತಾರೆ. ಆ ಹಗಲಿನೊಳಗೆ ಹತ್ತು ಸ್ಥಳಗಳ ಮುಂದೆ ನಿಂತು ಹತ್ತು ಚಿತ್ರ ತೆಗೆದುಕೊಂಡು, ನಗರವನ್ನು ನೋಡಿಬಿಟ್ಟೆವೆಂದು ತೃಪ್ತರಾಗುತ್ತಾರೆ. ಇನ್ನು ಕೆಲವರು, ಒಂದು ಹಗಲಿನಲ್ಲಿ ಏನು ನೋಡಿಯೇವು ಎಂದು ನಿಲ್ದಾಣದ ತಂಗುಕೋಣೆಯಲ್ಲೇ ನಿದ್ರಿಸುತ್ತಾರೆ. ಇವೆರಡೂ ತಪ್ಪು. ಒಂದು ಹಗಲಿನಲ್ಲಿ ಒಂದು ನಗರವನ್ನು ನೋಡಲಾಗದು. ಆದರೆ ಅದರ ಒಂದು ಬೀದಿಯನ್ನು ಚೆನ್ನಾಗಿ ನೋಡಬಹುದು.

ದಕ್ಷಿಣದಿಂದಾಗಲಿ ಮುಂಬಯಿಯಿಂದಾಗಲಿ ರೈಲಿನಲ್ಲಿ ಡಾರ್ಜಿಲಿಂಗಿನ ಕಡೆಗೆ ಹೊರಟವರು ಹೂಗ್ಲಿ ನದಿಯ ಪಶ್ಚಿಮ ದಡದ ಹೌರಾ ನಿಲ್ದಾಣದಲ್ಲಿಳಿದು, ಪೂರ್ವಕ್ಕಿರುವ ಸಿಯಾಲ್ದಾ ನಿಲ್ದಾಣದಲ್ಲಿ ಮತ್ತೊಂದು ರೈಲನ್ನು ಹತ್ತುವುದುಂಟು. ಇವೆರಡರ ನಡುವೆ ಸಿಗುವ ಬಿಡುವೇ ನಮ್ಮ ಹಗಲು. ಭಾರತದ ಮೊಟ್ಟಮೊದಲ ಮೆಟ್ರೋ ರೈಲು 1984ರಲ್ಲಿ ಓಡಿದ್ದು ಈ ನಗರದಲ್ಲಿಯೇ. ನದಿಯ ತಳದ ಕೆಳಗೆ ಕೊರೆದ ಸುರಂಗದಲ್ಲಿ 2024ರ ಮಾರ್ಚ್ ತಿಂಗಳಿನಿಂದ ಮೆಟ್ರೋ ಓಡುತ್ತಿದೆ. 2025ರ ಆಗಸ್ಟ್‌ನಲ್ಲಿ ಆ ಮಾರ್ಗವು ಹೌರಾವನ್ನೂ ಸಿಯಾಲ್ದಾವನ್ನೂ ನೇರವಾಗಿ ಕೂಡಿಸಿತು. ಈಗ ಕೆಲವೇ ನಿಮಿಷಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಇದು ಇಂಜಿನಿಯರರ ದೊಡ್ಡ ಸಾಧನೆಯೇ ಸರಿ. ಸಮಯವಿಲ್ಲದವನು ಅದರಲ್ಲಿಯೇ ಹೋಗಲಿ. ಆದರೆ ಹಗಲೆಲ್ಲ ಬಿಡುವಿರುವವನು ಚೀಲವನ್ನು ನಿಲ್ದಾಣದ ಸಾಮಾನು ಕೊಠಡಿಯಲ್ಲಿ ಇರಿಸಿಯೋ, ಚೀಲ ಹಗುರವಾಗಿದ್ದರೆ ಹೊತ್ತುಕೊಂಡೋ, ಆ ದಾರಿಯನ್ನು ನಡೆದೇ ಹೋಗಬೇಕೆಂದು ನನ್ನ ಅಭಿಪ್ರಾಯ. ದೂರ ಸುಮಾರು 4 ಕಿಲೋಮೀಟರು ಮಾತ್ರ.

ನಿಲ್ದಾಣದ ಹೊರಗೇ ಹೌರಾ ಸೇತುವೆ. 1943ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಗೆ ನದಿಯ ನಡುವೆ ಒಂದು ಕಂಬವೂ ಇಲ್ಲ. ಸುಮಾರು 26,500 ಟನ್ ಉಕ್ಕನ್ನು ಬೋಲ್ಟುಗಳಿಲ್ಲದೆ ರಿವೆಟ್‌ಗಳಿಂದಲೇ ಜೋಡಿಸಿದ್ದಾರೆ; ಆ ಉಕ್ಕಿನ ಬಹುಪಾಲು ನಮ್ಮ ದೇಶದ ಟಾಟಾ ಕಾರ್ಖಾನೆಯದು. ಸೇತುವೆಯನ್ನು ದಾಟಿದೊಡನೆ ಮಲ್ಲಿಕ್ ಘಾಟಿನ ಹೂವಿನ ಮಾರುಕಟ್ಟೆ. ಚೆಂಡುಹೂವಿನ ಹಾರಗಳ ರಾಶಿಯನ್ನು ತಲೆಯ ಮೇಲೆ ಹೊತ್ತವರು ಸರಸರನೆ ನಡೆಯುವಾಗ, ದಾರಿ ಬಿಡಬೇಕಾದವರು ಅವರಲ್ಲ, ಕೆಲಸವಿಲ್ಲದೆ ನಿಂತ ನಾವು. ಅಲ್ಲಿಂದ ಮಹಾತ್ಮಾ ಗಾಂಧಿ ರಸ್ತೆಯು ಬಡಾಬಜಾರಿನ ನೂಕುನುಗ್ಗಲಿನ ನಡುವೆ ಪೂರ್ವಕ್ಕೆ ಸಾಗುತ್ತದೆ. ಸ್ವಲ್ಪ ದೂರದ ಮೇಲೆ ಎಡಕ್ಕೆ ತಿರುಗಿದರೆ ಜೋಡಾಸಾಂಕೊ. ರವೀಂದ್ರನಾಥ ಠಾಕೂರರು 1861ರಲ್ಲಿ ಹುಟ್ಟಿದ, 1941ರಲ್ಲಿ ಕೊನೆಯುಸಿರೆಳೆದ ಮನೆ ಅಲ್ಲಿದೆ. ಮತ್ತೆ ರಸ್ತೆಗೆ ಬಂದು ಮುನ್ನಡೆದರೆ ಕಾಲೇಜ್ ಸ್ಟ್ರೀಟ್ ಎದುರಾಗುತ್ತದೆ. ಕಾಲುದಾರಿಯ ಉದ್ದಕ್ಕೂ ಸಾಲುಸಾಲಾಗಿ ಪುಸ್ತಕದಂಗಡಿಗಳು. ಅವುಗಳ ಹಿಂದೆಯೇ 1857ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ.

ಈ ಬೀದಿಯಲ್ಲಿರುವ ಸಂಸ್ಕೃತ ಕಾಲೇಜಿನ ಮುಂದೆ ಕನ್ನಡಿಗನಾದವನು ಒಂದು ಗಳಿಗೆ ನಿಲ್ಲಬೇಕು. ಈಶ್ವರಚಂದ್ರ ವಿದ್ಯಾಸಾಗರರು ಇಲ್ಲಿ ಪ್ರಾಂಶುಪಾಲರಾಗಿದ್ದರು. ಅವರು ಷೇಕ್ಸ್‌ಪಿಯರನ ನಾಟಕವೊಂದರ ಕಥೆಯನ್ನು ‘ಭ್ರಾಂತಿವಿಲಾಸ’ವೆಂಬ ಹೆಸರಿನಲ್ಲಿ ಬಂಗಾಳಿ ಗದ್ಯಕ್ಕಿಳಿಸಿದರು. ಅದನ್ನು ಕನ್ನಡಕ್ಕೆ ತಂದವರು ನಮ್ಮ ಬಿ. ವೆಂಕಟಾಚಾರ್ಯರು (1845–1914). ನೌಕರಿ ಮಾಡುತ್ತಲೇ ಬಂಗಾಳಿಯನ್ನು ಕಲಿತು, ಬಂಕಿಮಚಂದ್ರರ ‘ದುರ್ಗೇಶನಂದಿನಿ’, ‘ಆನಂದಮಠ’ ಮೊದಲಾದ ಕಾದಂಬರಿಗಳನ್ನು ಕನ್ನಡಿಸಿದವರೂ ಅವರೇ. ಕನ್ನಡದಲ್ಲಿ ಕಾದಂಬರಿಯೆಂಬುದು ಇನ್ನೂ ಹೊಸದಾಗಿದ್ದ ಆ ಕಾಲದಲ್ಲಿ ಸಾವಿರಾರು ಮಂದಿ ಈ ಪುಸ್ತಕಗಳಿಂದಲೇ ಓದಿನ ರುಚಿ ಕಂಡರು. ಇದನ್ನು ಬಲ್ಲವನಿಗೆ ಆ ಕಟ್ಟಡ ನೆಂಟರ ಮನೆ. ಅರಿಯದವನಿಗೆ ಬರಿಯ ಹಳೆಯ ಗೋಡೆ. ಕೋಶವು ದೇಶಕ್ಕೆ ಕೊಡುವ ಬೆಳಕೆಂದರೆ ಇದೇ.

“ಕನ್ನಡ ಶಾಲೆಯಲ್ಲಿ ಓದಿದ ನಮಗೆ ಪರಸ್ಥಳಗಳಲ್ಲಿ ಮಾತಾಡಲು ಬಾರದು, ಪ್ರವಾಸವೆಲ್ಲ ಇಂಗ್ಲಿಷ್ ಶಾಲೆಯವರಿಗೆ” ಎಂದು ನಮ್ಮ ಮಕ್ಕಳು ಹೇಳುವುದನ್ನು ಅನೇಕ ಸಲ ಕೇಳಿದ್ದೇನೆ. ಈ ಅಳುಕು ಚೀಲದಲ್ಲಿನ ಕಲ್ಲಿನಂತೆ. ಹೊತ್ತವನಿಗೆ ಭಾರವೇ ಹೊರತು ಪ್ರಯೋಜನವಿಲ್ಲ. ಇಂಗ್ಲಿಷ್, ಹಿಂದಿಗಳು ದಾರಿಯಲ್ಲಿ ನೆರವಾಗುವುದು ನಿಜ. ಅವನ್ನು ಶ್ರದ್ಧೆಯಿಂದ ಕಲಿಯತಕ್ಕದ್ದು. ಆದರೆ ಕನ್ನಡವು ಬರಿಗೈಯಲ್ಲಿ ಕಳುಹಿಸುವುದಿಲ್ಲ. ಹೌರಾ ಸೇತುವೆಯ ಈಗಿನ ಹೆಸರು ರವೀಂದ್ರ ಸೇತು. ಜೋಡಾಸಾಂಕೊವಿಗೆ ಹೋಗುವ ಬೀದಿ ರವೀಂದ್ರ ಸರಣಿ. ಸೇತು, ಸರಣಿ ಎಂಬ ಶಬ್ದಗಳಿಗೆ ನಿಮಗೆ ಅರ್ಥ ಹೇಳಿಕೊಡಬೇಕೆ? ವಿದ್ಯಾಸಾಗರ ಎಂಬ ಹೆಸರು ಬಂಗಾಳಿಯರ ಬಾಯಲ್ಲಿ ‘ಬಿದ್ಯಾಸಾಗರ’ ಎಂದಾಗುತ್ತದೆ. ವ್ಯಾಕರಣದ ತರಗತಿಯಲ್ಲಿ ‘ವನ’ವು ‘ಬನ’ವಾದುದನ್ನು ಕಲಿತವರು ಇದಕ್ಕೆ ಬೆರಗಾಗಬೇಕಾದುದಿಲ್ಲ. ನೀವು ಬೇಸರದಿಂದ ಬಾಯಿಪಾಠ ಮಾಡಿದ ತತ್ಸಮ ತದ್ಭವಗಳ ಪಾಠ ಸಾವಿರ ಮೈಲಿಯಾಚೆ ಹೀಗೆ ಕೈಹಿಡಿಯುತ್ತದೆ.

ನೋಡುವ ಬಗೆಯಲ್ಲಿ ಮರ್ಯಾದೆಯೂ ಇರಬೇಕು. ನದಿಯಡಿಯಲ್ಲಿ ರೈಲು ಓಡುವ ಇದೇ ನಗರದಲ್ಲಿ ಮನುಷ್ಯನು ಮನುಷ್ಯನನ್ನು ಕೂರಿಸಿಕೊಂಡು ಎಳೆಯುವ ಕೈರಿಕ್ಷಾ ಇನ್ನೂ ಪೂರ್ಣವಾಗಿ ಮರೆಯಾಗಿಲ್ಲ. ಅದನ್ನು ನಿಲ್ಲಿಸುವುದಾಗಿ 2005ರಲ್ಲಿಯೇ ಸರ್ಕಾರ ಹೇಳಿತ್ತು. ಎಳೆಯುವವನಿಗೆ ಬೇರೆ ಜೀವನೋಪಾಯ ಸಿಗದೆ ಬರಿಯ ನಿಷೇಧದಿಂದ ಅವನ ಹೊಟ್ಟೆ ತುಂಬದು ಎಂಬ ಕಷ್ಟವನ್ನೂ ನಾವು ಯೋಚಿಸಬೇಕು. ಬೆವರು ಸುರಿಸುತ್ತಿರುವವನನ್ನು ಕೇಳದೆಯೇ ಚಿತ್ರ ತೆಗೆದು ಗೆಳೆಯರಿಗೆ ತೋರಿಸುವುದು ಪ್ರವಾಸವಲ್ಲ, ಅವಿವೇಕ. ನಮ್ಮ ಊರಿಗೆ ಬಂದವನೊಬ್ಬನು ನಮ್ಮ ತಂದೆಯ ದುಡಿಮೆಯನ್ನು ಹಾಗೆ ವಿನೋದವಾಗಿ ನೋಡಿದರೆ ನಮಗೆ ಹೇಗಾದೀತು?

“ಒಂದು ಬೀದಿಗಾಗಿ ಉಳಿದುದನ್ನೆಲ್ಲ ಬಿಡುವುದು ನಷ್ಟವಲ್ಲವೆ? ವಿಕ್ಟೋರಿಯಾ ಸ್ಮಾರಕ, 1814ರಷ್ಟು ಹಿಂದೆ ಸ್ಥಾಪಿತವಾದ ವಸ್ತುಸಂಗ್ರಹಾಲಯ, ಇವನ್ನು ನೋಡಬೇಡವೆ?” ಎಂದು ಯಾರಾದರೂ ಕೇಳಬಹುದು. ನೋಡಬೇಕು, ಬಿಡುವಿದ್ದಾಗ ಮತ್ತೊಮ್ಮೆ ಹೋಗಿ ನೋಡಬೇಕು. ಒಂದು ಬೀದಿಯನ್ನು ಪ್ರೀತಿಯಿಂದ ನೋಡಿದವನಿಗೆ ಮತ್ತೆ ಹೋಗುವ ಆಸೆ ಉಳಿಯುತ್ತದೆ. ಹತ್ತು ಸ್ಥಳಗಳನ್ನು ಓಡೋಡಿ ಮುಗಿಸಿದವನಿಗೆ ದಣಿವು ಮಾತ್ರ ಉಳಿಯುತ್ತದೆ.

ಕಾಲೇಜ್ ಸ್ಟ್ರೀಟಿನ ಬಳಿಯ ಇಂಡಿಯನ್ ಕಾಫಿ ಹೌಸ್‌ನಲ್ಲಿ ಕುಳಿತು ದಣಿವಾರಿಸಿಕೊಳ್ಳುವಾಗ, ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ ಎಂಬುದನ್ನು ನೆನೆಯಿರಿ. ಇದಕ್ಕಿಂತಲೂ ಹೆಮ್ಮೆಯ ಸಂಗತಿಯೊಂದಿದೆ. ನಗರದ ಅಲಿಪುರದಲ್ಲಿ ರಾಷ್ಟ್ರೀಯ ಗ್ರಂಥಾಲಯವಿದೆ. 1954ರ ಕಾಯಿದೆಯಂತೆ ಭಾರತದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಅಲ್ಲಿಗೆ ಕಳುಹಿಸಬೇಕು. ಕನ್ನಡ ಪುಸ್ತಕಗಳಿಗೂ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಅದನ್ನು ಕಟ್ಟಿ ಬೆಳೆಸಿದ ಬಿ. ಎಸ್. ಕೇಶವನ್ನರು ಅದಕ್ಕೆ ಮೊದಲು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದವರು. ನೀವು ಹೋಗುವ ಮೊದಲೇ ನಿಮ್ಮ ಭಾಷೆ ಅಲ್ಲಿಗೆ ಹೋಗಿ ತನ್ನ ಪೀಠದಲ್ಲಿ ಕುಳಿತಿದೆ.

ಆದುದರಿಂದ ವಿದ್ಯಾರ್ಥಿಗಳೇ, ಇಂದು ಹಿರಿಯರ ಜೊತೆಗಾಗಲಿ, ನಾಳೆ ಬೆಳೆದು ಸ್ವತಂತ್ರರಾಗಿಯಾಗಲಿ, ಪ್ರವಾಸ ಹೊರಡಿ. ಹೊರಡುವ ಮೊದಲು ಒಂದು ತಿಂಗಳು ಆ ಊರನ್ನು ಕುರಿತು ಓದಿರಿ. ಕನ್ನಡದಲ್ಲಿ ಓದಿದರೂ ಸಾಕು. ಹೆಗಲ ಚೀಲ ಹಗುರವಾಗಿರಲಿ, ತಲೆಯೊಳಗಿನ ಚೀಲ ತುಂಬಿರಲಿ. ಆಗ ಎರಡು ರೈಲುಗಳ ನಡುವಿನ ಬಿಡುವೂ ಒಂದು ಪಾಠಶಾಲೆಯಾದೀತು.