ಲೆಕ್ಕಕ್ಕೆ ಸಿಗದ ಭಯ



ಕಳೆದ ತಿಂಗಳ ಸಭೆ ಮುಗಿದು ಎಲ್ಲರೂ ಲೋಕಲ್ ಟ್ರೇನು ಹಿಡಿಯುವ ಅವಸರದಲ್ಲಿದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದರು. "ನೀವು ಕೇಂದ್ರ ಸರಕಾರದ ಕಚೇರಿಯಲ್ಲಿ ಹಗಲಿಡೀ ಅಂಕಿಅಂಶಗಳ ನಡುವೆ ಇರುವವರು. ಒಂದು ಮಾತು ಹೇಳಿ. ನಮ್ಮ ಮುಂಬಯಿ ಮೊದಲಿಗಿಂತ ಸುರಕ್ಷಿತವಾಗಿದೆಯೋ, ಇಲ್ಲವೋ?" ಎಂದು ಕೇಳಿದರು. ಎಪ್ಪತ್ತು ದಾಟಿದ ದಂಪತಿ ಅವರು. ಮಕ್ಕಳಿಬ್ಬರೂ ವಿದೇಶದಲ್ಲಿದ್ದಾರೆ. 2025ರ ಜನವರಿಯಲ್ಲಿ ಬಾಂದ್ರಾದ ಬಹುಮಹಡಿ ಕಟ್ಟಡದೊಳಕ್ಕೆ ನುಗ್ಗಿದವನೊಬ್ಬ ನಟ ಸೈಫ್ ಅಲಿ ಖಾನ್ ಅವರಿಗೆ ಚೂರಿಯಿಂದ ಇರಿದ ಸುದ್ದಿ ಬಂದಂದಿನಿಂದ ತಮ್ಮ ಮನೆಯ ಬಾಗಿಲಿಗೆ ಎರಡನೆಯ ಚಿಲಕ ಹಾಕಿಸಿದ್ದಾರಂತೆ. "ಅಷ್ಟು ಕಾವಲಿರುವವರಿಗೇ ಹೀಗಾದರೆ ನಮ್ಮ ಗತಿ ಏನು?" ಎಂಬುದು ಅವರ ಪ್ರಶ್ನೆ. ನಾನು ಅಂದು ಸಮರ್ಪಕವಾದ ಉತ್ತರ ಕೊಡಲಾರದೆ ಹೋದೆ. ಈ ಸಂಪಾದಕೀಯ ಅವರಿಗೆ ಸಲ್ಲಬೇಕಾದ ಉತ್ತರ. ಇಲ್ಲಿನ ಅಭಿಪ್ರಾಯಗಳು ನನ್ನ ವೈಯಕ್ತಿಕ ಅಭಿಪ್ರಾಯಗಳೇ ಹೊರತು ನನ್ನ ಇಲಾಖೆಯವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಟಿಸುವ ವರದಿಗಳ ಪ್ರಕಾರ 1992ರಲ್ಲಿ ಇಡೀ ದೇಶದಲ್ಲಿ 40,105 ಕೊಲೆಗಳಾದವು. ಅಂದರೆ ಲಕ್ಷ ಜನರಿಗೆ ಸುಮಾರು 4.6. 2022ರಲ್ಲಿ ಆ ಸಂಖ್ಯೆ 28,522ಕ್ಕೆ ಇಳಿಯಿತು, ಪ್ರಮಾಣ 2.1. 2023ರಲ್ಲಿ ಇನ್ನೂ ತಗ್ಗಿ 27,721 ಆಯಿತು. ಜನಸಂಖ್ಯೆ ಐವತ್ತು ಕೋಟಿಯಷ್ಟು ಹೆಚ್ಚಿದರೂ ಕೊಲೆಗಳು ಕಡಿಮೆಯಾಗಿವೆ. ನಾವಿರುವ ಮಹಾರಾಷ್ಟ್ರದಲ್ಲಿ 2019ರಲ್ಲಿ 2,142, 2021ರಲ್ಲಿ 2,330, 2022ರಲ್ಲಿ 2,295 ಕೊಲೆ ಪ್ರಕರಣಗಳು ದಾಖಲಾದವು. ಉತ್ತರ ಪ್ರದೇಶ, ಬಿಹಾರಗಳ ಅನಂತರ ಮಹಾರಾಷ್ಟ್ರಕ್ಕೆ ಮೂರನೆಯ ಸ್ಥಾನವೆಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಆದರೆ ಜನಸಂಖ್ಯೆಯಿಂದ ಭಾಗಿಸಿ ನೋಡಿದರೆ ಇಲ್ಲಿನ ಪ್ರಮಾಣ ಲಕ್ಷಕ್ಕೆ 1.8ರ ಆಸುಪಾಸು, ರಾಷ್ಟ್ರದ ಸರಾಸರಿಗಿಂತಲೂ ಕಡಿಮೆ. ಮುಂಬಯಿ ಮಹಾನಗರದಲ್ಲಿ 2022ರಲ್ಲಿ 135 ಕೊಲೆಗಳಾದರೆ ಅದೇ ವರ್ಷ ದೆಹಲಿಯಲ್ಲಿ 501, ಬೆಂಗಳೂರಿನಲ್ಲಿ 173. ಚಿಲಕದ ಮೇಲೆ ಚಿಲಕ ಹಾಕಿಸಿದ ನಮ್ಮ ಹಿರಿಯರಿಗೆ ಈ ಅಂಕಿಗಳು ತುಸು ಸಮಾಧಾನ ತರಬಹುದು.

ಕೊಲೆಯ ಲೆಕ್ಕವನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಅಪರಾಧಗಳ ಪೈಕಿ ಮುಚ್ಚಿಡಲು ಅತ್ಯಂತ ಕಷ್ಟವಾದದ್ದು ಅದು. ಶವವೊಂದು ಸಿಕ್ಕಿದ ಮೇಲೆ ಯಾವ ಠಾಣೆಯೂ ಅದನ್ನು ಸುಲಭವಾಗಿ ಅಲ್ಲಗಳೆಯಲಾರದು. ಉಳಿದ ಅಪರಾಧಗಳ ಮಾತು ಹಾಗಲ್ಲ. ಕಳವು, ಸುಲಿಗೆ, ಬೆದರಿಕೆ, ವಂಚನೆ, ಇವು ಸರಕಾರದ ಪುಸ್ತಕಕ್ಕೆ ಏರಬೇಕಾದರೆ ಯಾರಾದರೊಬ್ಬರು ಠಾಣೆಯ ಮೆಟ್ಟಿಲು ಹತ್ತಬೇಕು, ಇನ್ನೊಬ್ಬರು ಲೇಖನಿ ಎತ್ತಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಅಪರಾಧ ನಡೆದಿರುತ್ತದೆ, ಲೆಕ್ಕದಲ್ಲಿ ಇರುವುದಿಲ್ಲ.

ನಾನು ಸ್ನಾತಕೋತ್ತರ ಪದವಿ ಮುಗಿಸಿ ನೌಕರಿಗಾಗಿ ಈ ನಗರಕ್ಕೆ ಬಂದದ್ದು 1994ರಲ್ಲಿ. ಆಗ ಮುಂಬಯಿ ಗಾಯಗೊಂಡ ನಗರವಾಗಿತ್ತು. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಸತ್ತವರು 900 ಮಂದಿಯೆಂದು ಶ್ರೀಕೃಷ್ಣ ಆಯೋಗ ದಾಖಲಿಸಿದೆ. 1993ರ ಮಾರ್ಚ್ 12ರ ಸರಣಿ ಸ್ಫೋಟಗಳು 257 ಜೀವಗಳನ್ನು ಬಲಿ ತೆಗೆದುಕೊಂಡವು. ನಾನು ಬಂದ ವರ್ಷವೇ ಗಿರಣಿ ಮಾಲಿಕ ಸುನೀತ್ ಖಟಾವು ಹಾಡಹಗಲೇ ಗುಂಡಿಗೆ ಬಲಿಯಾದರು. 1997ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ, ಆಗಸ್ಟಿನಲ್ಲಿ ಕ್ಯಾಸೆಟ್ ಉದ್ಯಮಿ ಗುಲ್ಶನ್ ಕುಮಾರ್ ಕೊಲೆಯಾದರು. ಇವೆಲ್ಲ ದಾಖಲಾದ ಸಂಗತಿಗಳು.

ದಾಖಲಾಗದ ಒಂದನ್ನು ನಾನು ಬಲ್ಲೆ. ಆಗ ನಾನು ನನ್ನ ಸೋದರಮಾವನ ಹೋಟೇಲಿನ ಮಾಳಿಗೆಯ ಕೋಣೆಯಲ್ಲಿ ವಾಸವಾಗಿದ್ದೆ. ಒಂದು ರಾತ್ರಿ ಗಲ್ಲದ ಮೇಲಿನ ಫೋನು ಬಾರಿಸಿತು. ಮಾವ ಎತ್ತಿಕೊಂಡರು. ಎರಡು ನಿಮಿಷ ಏನೂ ಮಾತನಾಡದೆ ಕೇಳಿಸಿಕೊಂಡು ಇಟ್ಟುಬಿಟ್ಟರು. ಅವರ ಮುಖದ ಬಣ್ಣ ಇಳಿದಿತ್ತು. ಆ ಕಡೆಯವನು ಕೇಳಿದ ಮೊತ್ತಕ್ಕಿಂತ ಅವರನ್ನು ಹೆಚ್ಚು ಕಲಕಿದ್ದು ಆತ ಮಾತನಾಡಿದ ಭಾಷೆ. "ತುಳುವಿನಲ್ಲೇ ಮಾತನಾಡಿದ ಮಾರಾಯ. ಊರಿನ ಮನೆ ಎಲ್ಲಿದೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಎಲ್ಲ ಹೇಳಿದ" ಎಂದರು. ಮಾವ ಹಣ ಕೊಟ್ಟರು. ಠಾಣೆಗೆ ಹೋಗಲಿಲ್ಲ. ನಾನು ಹೋಗೋಣವೆಂದಾಗ, "ನೀನು ಸರಕಾರಿ ನೌಕರ, ನಿನಗೆ ಸಂಬಳ ಬರುತ್ತದೆ. ನಾನು ನಾಳೆಯೂ ಇಲ್ಲಿಯೇ ಗಲ್ಲದ ಮೇಲೆ ಕೂರಬೇಕು" ಎಂದು ನನ್ನ ಬಾಯಿ ಮುಚ್ಚಿಸಿದರು. ಆ ವರ್ಷದ ಸರಕಾರಿ ವರದಿಯಲ್ಲಿ ಸುಲಿಗೆಯ ಪ್ರಕರಣ ಒಂದು ಕಡಿಮೆಯಾಯಿತು. ಅಂಥ ಗಲ್ಲಗಳು ಈ ನಗರದಲ್ಲಿ ಎಷ್ಟಿದ್ದವೋ!

ಆ ಕಾಲ ಇಂದು ಹಿಂದೆ ಸರಿದಿದೆ. 1999ರಲ್ಲಿ ಬಂದ ಮಹಾರಾಷ್ಟ್ರ ಸಂಘಟಿತ ಅಪರಾಧ ನಿಯಂತ್ರಣ ಕಾಯಿದೆ, ಅಂದರೆ ಮಕೋಕಾ, ದೂರವಾಣಿ ಸಂಭಾಷಣೆಯನ್ನು ಸಾಕ್ಷ್ಯವಾಗಿ ಬಳಸಲು ಅವಕಾಶ ಕೊಟ್ಟು ಜಾಮೀನನ್ನು ಕಠಿಣಗೊಳಿಸಿತು. ತಂಡಗಳ ನಾಯಕರು ದೇಶ ಬಿಟ್ಟರು, ಪರಸ್ಪರ ಕಾದಾಡಿ ಸವೆದರು. ಪೊಲೀಸರ ಎನ್‌ಕೌಂಟರುಗಳಿಗೂ ಇದರ ಶ್ರೇಯಸ್ಸು ಸಲ್ಲಬೇಕೆಂಬ ಮಾತು ನಮ್ಮ ಹೋಟೇಲು ಉದ್ಯಮದವರಲ್ಲಿ ಇಂದಿಗೂ ಕೇಳಿಬರುತ್ತದೆ. ಆ ಭಯವನ್ನು ಹತ್ತಿರದಿಂದ ಕಂಡವನಾಗಿ ಅವರ ಮಾತಿನ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೆ 2006ರ ಲಖನ್ ಭಯ್ಯಾ ಪ್ರಕರಣದಲ್ಲಿ ನಡೆದದ್ದು ನಕಲಿ ಎನ್‌ಕೌಂಟರ್ ಎಂದು ತೀರ್ಮಾನಿಸಿ ಮುಂಬಯಿ ಉಚ್ಚ ನ್ಯಾಯಾಲಯವು 2024ರ ಮಾರ್ಚಿನಲ್ಲಿ ಪೊಲೀಸರ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿದುದನ್ನು ನಾವು ಮರೆಯಲಾಗದು. ವಿಚಾರಣೆಯಿಲ್ಲದ ಕೊಲೆಯೂ ಕೊಲೆಯೇ. ಅದನ್ನು ಸುರಕ್ಷತೆಯ ಖಾತೆಗೆ ಜಮಾ ಮಾಡುವ ಲೆಕ್ಕಿಗ ತನ್ನ ಪುಸ್ತಕಕ್ಕೇ ಮೋಸ ಮಾಡುತ್ತಾನೆ.

ಮಾವನ ಮೌನವನ್ನು ದೂರುವ ಅಧಿಕಾರ ನನಗಿದೆಯೇ? ಇಲ್ಲವೆಂದು ನನಗೆ ಮನವರಿಕೆಯಾದದ್ದು 2015ರ ಮಳೆಗಾಲದಲ್ಲಿ. ಉಪನಗರದ ರಸ್ತೆಯೊಂದರಲ್ಲಿ ಬೈಕಿನ ಮೇಲೆ ಬಂದ ಇಬ್ಬರು ನನ್ನ ಕೈಯಲ್ಲಿದ್ದ ಮೊಬೈಲನ್ನು ಕಿತ್ತುಕೊಂಡು ಹೋದರು. ಠಾಣೆಯಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ ಚಹಾ ತರಿಸಿದರು. "ಸಾಹೇಬರೇ, ಕಳೆದುಹೋಯಿತೆಂದು ಬರೆದುಕೊಡಿ. ಸಿಮ್ ಕಾರ್ಡು ನಾಳೆಯೇ ಸಿಗುತ್ತದೆ. ಕಿತ್ತುಕೊಂಡರೆಂದು ಬರೆದರೆ ಪಂಚನಾಮೆ, ಕೋರ್ಟು, ಸಾಕ್ಷಿ, ನಿಮಗೇ ತೊಂದರೆ" ಎಂದರು. ಮಳೆ ಸುರಿಯುತ್ತಿತ್ತು, ಮರುದಿನ ಕಚೇರಿಯಲ್ಲಿ ಸಭೆಯಿತ್ತು. ನಾನು ಬರೆದುಕೊಟ್ಟೆ. ಅಂಕಿಗಳ ಪ್ರಾಮಾಣಿಕತೆಯ ಬಗೆಗೆ ಕಿರಿಯ ಅಧಿಕಾರಿಗಳಿಗೆ ಉಪದೇಶ ಮಾಡುವ ನಾನೇ ಒಂದು ಸುಲಿಗೆಯನ್ನು ನನ್ನ ಸಹಿಯಿಂದ ಅಜಾಗರೂಕತೆಯನ್ನಾಗಿ ಪರಿವರ್ತಿಸಿದೆ. ಮಾವ ಪ್ರಾಣಭಯದಿಂದ ಸುಮ್ಮನಿದ್ದರು. ನಾನು ಕೇವಲ ಅನುಕೂಲಕ್ಕಾಗಿ ಸುಮ್ಮನಾದೆ.

ಹೀಗಾಗಿ ಅಂಕಿ ಏರಿದರೆ ಅಪರಾಧ ಏರಿತೆಂದೂ ಇಳಿದರೆ ಇಳಿಯಿತೆಂದೂ ಭಾವಿಸುವುದು ತಪ್ಪಾದೀತು. ಗುರುತಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್.ಐ.ಆರ್. ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಿತ್ತಿತು. ಮುಂಬಯಿಯ ರೈಲುಗಳಲ್ಲಿ 'ಕಳೆದುಹೋದ' ಮೊಬೈಲುಗಳನ್ನು 2017ರ ಸುಮಾರಿಗೆ ಕಳವು ಎಂದೇ ದಾಖಲಿಸತೊಡಗಿದಾಗ ರೈಲ್ವೆ ಕಳವಿನ ಸಂಖ್ಯೆ ಹಲವು ಪಟ್ಟು ಏರಿತು. ಕಳ್ಳರು ಆ ವರ್ಷ ಏಕಾಏಕಿ ಹೆಚ್ಚಿರಲಿಲ್ಲ, ಲೇಖನಿ ಪ್ರಾಮಾಣಿಕವಾಗಿತ್ತು, ಅಷ್ಟೆ. ಮಹಾರಾಷ್ಟ್ರದಲ್ಲಿ 2022ರಲ್ಲಿ 12,260 ಅಪಹರಣ ಪ್ರಕರಣಗಳು ದಾಖಲಾದವೆಂದು ಓದಿ ಬೆಚ್ಚಿದವರು ಇನ್ನೊಂದನ್ನೂ ತಿಳಿಯಬೇಕು. ಕಾಣೆಯಾದ ಮಕ್ಕಳ ಬಗೆಗೆ ಎಫ್.ಐ.ಆರ್. ದಾಖಲಿಸಬೇಕೆಂದು 2013ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ ಮೇಲೆ, ಮನೆ ಬಿಟ್ಟುಹೋದ ಹದಿಹರೆಯದವರ ಪ್ರಕರಣಗಳೂ ಅಪಹರಣದ ಶೀರ್ಷಿಕೆಯಡಿ ಸೇರುತ್ತವೆ. ಆ ಸಂಖ್ಯೆ ಒಂದರ್ಥದಲ್ಲಿ ಪೊಲೀಸರು ಹುಡುಕಲು ಹೊರಟ ಮಕ್ಕಳ ಸಂಖ್ಯೆಯೂ ಹೌದು.

ಸ್ವತ್ತಿನ ಅಪರಾಧವಂತೂ ರೂಪ ಬದಲಿಸಿಕೊಂಡಿದೆ. ನಗರದ ಸಿಸಿಟಿವಿ ಜಾಲ 2016ರಲ್ಲಿ ಕಾರ್ಯಾರಂಭ ಮಾಡಿತು. ಜೇಬಿನಲ್ಲಿ ನೋಟು ಇಟ್ಟುಕೊಳ್ಳುವವರು ಕಡಿಮೆಯಾದರು. ಕಿಟಕಿ ಮುರಿಯುವುದಕ್ಕಿಂತ ಫೋನಿನಲ್ಲಿ ಬೆದರಿಸುವುದು ಕಳ್ಳನಿಗೆ ಲಾಭದಾಯಕವೂ ನಿರಪಾಯಕರವೂ ಆಯಿತು. ಮುಂಬಯಿಯಲ್ಲಿ 2021ರಲ್ಲಿ 2,883 ಇದ್ದ ಸೈಬರ್ ಪ್ರಕರಣಗಳು 2022ರಲ್ಲಿ 4,724ಕ್ಕೆ ಏರಿದವು. ಬೆಂಗಳೂರಿನಲ್ಲಿ 2021ರಲ್ಲಿ 6,423, 2022ರಲ್ಲಿ 9,940, 2023ರಲ್ಲಿ 17,631. 'ಡಿಜಿಟಲ್ ಬಂಧನ' ಎಂಬ ವಂಚನೆಯ ಬಗೆಗೆ 2024ರ ಅಕ್ಟೋಬರಿನಲ್ಲಿ ಸ್ವತಃ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಎಚ್ಚರಿಸಬೇಕಾಯಿತು. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಆದರೂ ನಮ್ಮ ಬಳಗದ ನಿವೃತ್ತ ನೌಕರರೊಬ್ಬರು ಸಮವಸ್ತ್ರದವನೊಬ್ಬನನ್ನು ಪರದೆಯ ಮೇಲೆ ಕಂಡು ಎರಡು ದಿನ ಕೋಣೆ ಬಿಟ್ಟು ಹೊರಬರಲಿಲ್ಲ. ಭವಿಷ್ಯನಿಧಿಯ ಹಣ ಹೋಯಿತು. ಅದನ್ನು ನನಗೆ ತಿಳಿಸಿದ್ದು ಮೂರು ತಿಂಗಳ ಮೇಲೆ, ಹೆಂಡತಿಗೂ ಹೇಳಬೇಡಿರೆಂಬ ಕೋರಿಕೆಯೊಂದಿಗೆ. ಮಾವನನ್ನು ತಡೆದದ್ದು ಭಯ, ನನ್ನನ್ನು ತಡೆದದ್ದು ಆಲಸ್ಯ, ಇವರನ್ನು ತಡೆದದ್ದು ನಾಚಿಕೆ. ಮೂರರ ಫಲವೂ ಒಂದೇ: ಕಳ್ಳನಿಗೆ ನಿಶ್ಚಿಂತೆ.

ಇಷ್ಟರ ನಡುವೆ ಸುಲಭವಾದ ಉತ್ತರವೊಂದು ಸದಾ ನಾಲಿಗೆಯ ತುದಿಯಲ್ಲಿರುತ್ತದೆ: "ಇದೆಲ್ಲ ಹೊರಗಿನಿಂದ ಬಂದವರ ಕೆಲಸ." ನಮ್ಮ ಸಭೆಗಳಲ್ಲೂ ಈ ಮಾತು ಕೇಳಿದ್ದೇನೆ. ಹಾಗೆನ್ನುವ ಮುನ್ನ ನಾವು ಸ್ವಲ್ಪ ಹಿಂತಿರುಗಿ ನೋಡಬೇಕು. 1966ರಲ್ಲಿ ಶಿವಸೇನೆ ಹುಟ್ಟಿದ ಆರಂಭದ ವರ್ಷಗಳಲ್ಲಿ 'ಹೊರಗಿನವರು' ಎಂದರೆ ನಾವೇ. ಕಲ್ಲು ಬಿದ್ದದ್ದು ನಮ್ಮ ಉಡುಪಿ ಹೋಟೇಲುಗಳ ಗಾಜಿಗೆ. ಹಲವು ಸುಲಿಗೆ ಪ್ರಕರಣಗಳ ಆರೋಪಿಯಾಗಿ 2020ರಲ್ಲಿ ಸೆನೆಗಲ್ ದೇಶದಿಂದ ಕರೆತರಲಾದ ರವಿ ಪೂಜಾರಿ ನಮ್ಮ ಕರಾವಳಿಯವನು. ಹೋಟೇಲಿನಲ್ಲಿ ದುಡಿಯುತ್ತ ಓದಿ 1995ರಲ್ಲಿ ಮುಂಬಯಿ ಪೊಲೀಸ್ ಸೇರಿದ ದಯಾ ನಾಯಕ್ ಅವರೂ ಅದೇ ಕರಾವಳಿಯ ಕಾರ್ಕಳ ಸೀಮೆಯವರು. ಆರೋಪಿಯ ಊರೂ ಅಧಿಕಾರಿಯ ಊರೂ ಒಂದೇ ಮಣ್ಣಿನದಾದಾಗ ಊರಿನ ಹೆಸರಿನಿಂದ ಅಪರಾಧವನ್ನು ಅಳೆಯುವುದು ಹೇಗೆ? ನಮ್ಮ ಹಿರಿಯರು ನಡೆಸಿದ ಕನ್ನಡ ರಾತ್ರಿಶಾಲೆಗಳು ಹೋಟೇಲು ಮಾಣಿಗಳ ಕೈಗೆ ಪುಸ್ತಕ ಕೊಟ್ಟು ಎಷ್ಟು ಹುಡುಗರನ್ನು ಬೀದಿಯ ತಂಡಗಳಿಂದ ದೂರವಿಟ್ಟವೆಂಬುದಕ್ಕೆ ಯಾವ ಬ್ಯೂರೋದಲ್ಲೂ ಅಂಕಿಯಿಲ್ಲ. ಆ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ನಾವು ವಾರ್ಷಿಕೋತ್ಸವದ ಹಾರತುರಾಯಿಗಳಲ್ಲಿ ಮಗ್ನರಾಗಿದ್ದೆವು.

ಹಾಗಾದರೆ ಸಂಘವೊಂದು ಮಾಡಬಹುದಾದದ್ದು ಏನು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅಪರಾಧ ನಡೆದ ಸ್ಥಳ ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿ ಮೂರು ದಿನಗಳೊಳಗೆ ಸಹಿ ಮಾಡಬಹುದು. ಎಫ್.ಐ.ಆರ್. ಪ್ರತಿ ಉಚಿತವಾಗಿ ಸಿಗಬೇಕು. ಠಾಣೆ ನಿರಾಕರಿಸಿದರೆ ಮೇಲಧಿಕಾರಿಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ಅದು ಖಾತೆಯಿಂದ ಖಾತೆಗೆ ಜಾರುವ ಮುನ್ನ ತಡೆಯುವ ಅವಕಾಶವಿದೆ. ಕಾನೂನು ಇಷ್ಟನ್ನು ಕೊಟ್ಟಿದೆ. ಅದು ಕೊಡಲಾರದ್ದು ಒಂದೇ, ಠಾಣೆಯ ಬಾಗಿಲವರೆಗೆ ಜತೆಗೆ ನಡೆಯುವ ಒಬ್ಬ ಮನುಷ್ಯನನ್ನು. ಮರಾಠಿ ಓದಲು ಬಾರದ ವೃದ್ಧರಿಗೆ, ಎನ್.ಸಿ.ಗೂ ಎಫ್.ಐ.ಆರ್.ಗೂ ಇರುವ ವ್ಯತ್ಯಾಸ ತಿಳಿಯದ ಗೃಹಿಣಿಯರಿಗೆ, ನಾಚಿಕೆಯಿಂದ ಕುಗ್ಗಿದವರಿಗೆ ಆ ಒಬ್ಬ ಮನುಷ್ಯನನ್ನು ಸಂಘ ಕೊಡಬಲ್ಲುದು.

ಹಿರಿಯರ ಪ್ರಶ್ನೆಗೆ ಈಗ ಉತ್ತರಿಸುತ್ತೇನೆ. ಹೌದು, ನಾನು ಬಂದ ವರ್ಷಗಳಿಗಿಂತ ಇಂದಿನ ಮುಂಬಯಿಯಲ್ಲಿ ಗುಂಡಿನ ಸದ್ದು ಕಡಿಮೆ. ನಿಮ್ಮ ಎರಡನೆಯ ಚಿಲಕ ಇರಲಿ, ಆದರೆ ಅದರ ಹಿಂದೆ ರಾತ್ರಿಯಿಡೀ ಎಚ್ಚರವಿರಬೇಡಿ. ಈಗ ಕಳ್ಳ ಬರುವುದು ಹೆಚ್ಚಾಗಿ ಫೋನಿನ ಮೂಲಕ, ಅದಕ್ಕೆ ಬೇಕಾದ ಚಿಲಕ ಒಂದೇ: ಕರೆ ಬಂದೊಡನೆ ಇನ್ನೊಬ್ಬರಿಗೆ ಹೇಳುವುದು.

ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು, ಮುಂದಿನ ತಿಂಗಳಿನಿಂದ ಪ್ರತಿ ಶನಿವಾರ ಸಂಜೆ ಐದರಿಂದ ಏಳರವರೆಗೆ ಸಂಘದ ವಾಚನಾಲಯದಲ್ಲಿ ಒಂದು ಮೇಜು ಹಾಕುತ್ತೇವೆ. ದೂರು ಬರೆಯಲು, ಓದಿ ಹೇಳಲು, ಜತೆಗೆ ಬರಲು ಮೂವರು ಸದಸ್ಯರು ಮುಂದೆ ಬಂದಿದ್ದಾರೆ, ಅವರಲ್ಲೊಬ್ಬರು ವಕೀಲರು. ಮೊದಲ ಶನಿವಾರ ನಾನು ಕುಳಿತಿರುತ್ತೇನೆ. ಹತ್ತು ವರ್ಷಗಳ ಹಿಂದೆ 'ಕಳೆದುಹೋಯಿತು' ಎಂದು ಬರೆದುಕೊಟ್ಟ ಕೈಯಿಂದಲೇ ನಿಮ್ಮ ದೂರನ್ನು ನಡೆದದ್ದು ನಡೆದಂತೆ ಬರೆದುಕೊಡುವೆ. ಸಂಕೋಚ ಬೇಡ, ಬನ್ನಿ.

— ಸಂಪಾದಕ