ಮೊಮ್ಮಕ್ಕಳಿಲ್ಲದ ಅಜ್ಜ

ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ. ಅಜ್ಜ ಮೈಲಾರಪ್ಪನಾದರೆ ಮೊಮ್ಮಗನೂ ಮೈಲಾರಪ್ಪ. ಕೊಟ್ಟೂರಿನ ಓಣಿಯಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ಮೂರು ತಲೆಮಾರಿನವರು ಓಗೊಡುತ್ತಾರೆ. ಅಜ್ಜ ಕಸುಬುದಾರನಾಗಿದ್ದರೆ ಹೆಸರಿನ ಹಿಂದೆಯೇ ಉಳಿ, ಬಾಚಿ, ತಿದಿಗಳೂ ಬರುತ್ತವೆ. ಕಸುಬು ನಿಂತುಹೋದ ಮನೆಗಳಲ್ಲೂ ಆಯುಧಪೂಜೆಯ ದಿನ ಅವನ್ನು ಗಂಟುಬಿಚ್ಚಿ ತೊಳೆದು ಕುಂಕುಮ ಹಚ್ಚುತ್ತಾರೆ. ಹೀಗೆ ಕುಶಲಕರ್ಮಿಯೊಬ್ಬ ಸತ್ತ ಮೇಲೂ ಮನೆಯೊಳಗೆ ಬಾಳುತ್ತಾನೆ.

ಊರು ಬಿಟ್ಟು ದೂರ ಹೋದವರ ಮನೆಗಳಲ್ಲೂ ಇದು ನಡೆಯುತ್ತದೆ. 1891ರಿಂದ ಉಕ್ರೇನಿನ ರೈತರೂ ಬಡಗಿಗಳೂ ಕೆನಡಾದ ಬಯಲುಗಳಿಗೆ ಹೋಗಿ ನೆಲೆಸಿದರು. ಸಾಲುಸಾಲಾಗಿ ಹೋದರು, ಜೊತೆಯಲ್ಲೇ ಚರ್ಚು ಕಟ್ಟಿಕೊಂಡರು, ತಮ್ಮ ನುಡಿಯನ್ನು ಉಳಿಸಿಕೊಂಡರು. ಅಜ್ಜನ ಕಥೆ ಕೇಳಲು ಅವರಿಗೆ ಮೊಮ್ಮಕ್ಕಳಿದ್ದರು. ಅವರ ನೆರೆಯ ಪೋಲೆಂಡಿನ ಕುಶಲಕರ್ಮಿಯೊಬ್ಬರು ಒಂಟಿಯಾಗಿ ಪೂರ್ವಕ್ಕೆ, ನಮ್ಮ ಮೈಸೂರು ಸಂಸ್ಥಾನಕ್ಕೆ ಬಂದರು. ಅವರು ಮದುವೆಯಾಗಲಿಲ್ಲ, ಹೆಸರು ಇಡಿಸಿಕೊಳ್ಳಲು ಮೊಮ್ಮಗನಿಲ್ಲ. ಮಾರಿಸ್ ಫ್ರಿಡ್‌ಮನ್ ಅವರನ್ನು ಈ ವಾರ ನೆನೆಯಬೇಕೆನ್ನಿಸಿದ್ದು ಅದಕ್ಕೇ.

ವಾರ್ಸಾ ನಗರ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದಾಗ ಅಲ್ಲಿನ ಬಡ ಯಹೂದಿ ಕುಟುಂಬದಲ್ಲಿ ಹುಟ್ಟಿದವರು ಫ್ರಿಡ್‌ಮನ್. ಓದಿದ್ದು ವಿದ್ಯುತ್ ಎಂಜಿನಿಯರಿಂಗ್, ಫ್ರಾನ್ಸಿನಲ್ಲಿ ಕೆಲಸ, ಹೊಸ ಉಪಕರಣಗಳನ್ನು ಕಂಡುಹಿಡಿಯುವ ಕೈ. 1930ರ ದಶಕದ ನಡುವೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಇವರನ್ನು ಬೆಂಗಳೂರಿಗೆ ಕರೆಸಿ ಸರ್ಕಾರಿ ವಿದ್ಯುತ್ ಕಾರ್ಖಾನೆಯ ಹೊಣೆ ವಹಿಸಿದರು. ಆ ಕಾರ್ಖಾನೆಯೇ ಮುಂದೆ ಕವಿಕಾ ಆಯಿತು. ನಮ್ಮ ರೈತರು ಹೊಲದ ಅಂಚಿನಲ್ಲಿ ನಿಂತು ‘ಟಿ.ಸಿ. ಸುಟ್ಟೈತಿ’ ಎಂದು ಸಂಕಟಪಡುತ್ತಾರಲ್ಲ, ಅಂಥ ಟ್ರಾನ್ಸ್‌ಫಾರ್ಮರುಗಳನ್ನು ದಶಕಗಳ ಕಾಲ ನಾಡಿಗೆ ಕೊಟ್ಟ ಕಾರ್ಖಾನೆ ಅದು.

ಯಂತ್ರದ ಮನುಷ್ಯ ಹಾಗೆಯೇ ಉಳಿಯಲಿಲ್ಲ. ತಿರುವಣ್ಣಾಮಲೆಗೆ ಹೋಗಿ ರಮಣ ಮಹರ್ಷಿಗಳ ಮುಂದೆ ಕುಳಿತು ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಸಂನ್ಯಾಸ ಬೇಡಿದಾಗ ರಮಣರು ಒಪ್ಪಲಿಲ್ಲ. ಆಮೇಲೆ ಕಾಸರಗೋಡು ಸೀಮೆಯ ಕಾಞಂಗಾಡಿನ ಆನಂದಾಶ್ರಮದಲ್ಲಿ ಸ್ವಾಮಿ ರಾಮದಾಸರಿಂದ ಕಾವಿ ಪಡೆದು ಭಾರತಾನಂದರಾದರು. ಆದರೆ ಕಾರ್ಖಾನೆ ಬಿಡಲಿಲ್ಲ. ಕಾವಿ ಉಟ್ಟೇ ಲೇತಿನ ಪಕ್ಕ ನಿಂತರು. ಅರಮನೆಯವರು ಬರುವ ದಿನವಾದರೂ ಸೂಟು ತೊಡಬೇಕೆಂಬ ಒತ್ತಾಯ ಬಂದಾಗ ಕೆಲಸವನ್ನೇ ಬಿಡಲು ಸಿದ್ಧರಾದರೆಂಬ ಮಾತಿದೆ. ಕೈಕೆಲಸ ಬೇರೆ, ಸಾಧನೆ ಬೇರೆ ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಕಾಯಕದ ಮಾತನ್ನು ಎಂಟುನೂರು ವರ್ಷಗಳಿಂದ ಕೇಳಿಕೊಂಡು ಬಂದ ನಮಗೆ ಇದು ಬಹುಬೇಗ ಅರ್ಥವಾಗಬೇಕು.

ಮುಂದಿನ ಕೆಲಸ ಔಂಧ್ ಸಂಸ್ಥಾನದಲ್ಲಿ. ಸಾತಾರೆಯ ಕಡೆಯ ಆ ಪುಟ್ಟ ಸಂಸ್ಥಾನ ಚೂರುಚೂರಾಗಿ ಹರಡಿತ್ತು. ಅದರ ಒಂದು ಚೂರು ವಿಜಯಪುರ ಸೀಮೆಯ ಕನ್ನಡದ ಗುಣದಾಳ. ಔಂಧಿನ ರಾಜ ಭವಾನರಾವ್ ಪಂತ್ ಪ್ರತಿನಿಧಿ ತಮ್ಮ ಅಧಿಕಾರವನ್ನು ಪ್ರಜೆಗಳ ಕೈಗಿಡಲು ಒಪ್ಪಿದರು. ರಾಜನ ಮಗ ಅಪ್ಪಾ ಪಂತ್ ಮತ್ತು ಫ್ರಿಡ್‌ಮನ್ ಸೇರಿ ಗಾಂಧೀಜಿಯವರ ಬಳಿ ಹೋಗಿ ಅವರ ಸಲಹೆಯಂತೆ ಶಾಸನವನ್ನು ರೂಪಿಸಿದರು. 1939ರ ಜನವರಿಯಲ್ಲಿ ಅದು ಜಾರಿಗೆ ಬಂತು. ಹಳ್ಳಿಯ ಪಂಚಾಯಿತಿಯೇ ಅದರ ಬುನಾದಿ. ಆಟಪಾಡಿಯ ಹತ್ತಿರ ಗೋಡೆಗಳಿಲ್ಲದ ಬಂದೀಖಾನೆಯೊಂದು ಸ್ವತಂತ್ರಪುರ ಎಂಬ ಹೆಸರಿನಲ್ಲಿ ಎದ್ದದ್ದೂ ಆಗಲೇ. ಕೈದಿಗಳು ಹೊಲ ಮಾಡಿಕೊಂಡು ಅಲ್ಲಿ ಬದುಕಿದರು. ವಿ. ಶಾಂತಾರಾಮ್ ಅವರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರ ಹುಟ್ಟಿದ್ದು ಆ ಪ್ರಯೋಗದಿಂದ. ಚಿತ್ರ ನೋಡಿ ಕಣ್ಣೀರಿಟ್ಟವರಲ್ಲಿ ಎಷ್ಟು ಮಂದಿಗೆ ವಾರ್ಸಾದ ಈ ಎಂಜಿನಿಯರ್ ಗೊತ್ತಿದ್ದರೋ.

ಇಷ್ಟೆಲ್ಲ ಹೇಳಿದರೂ ನನ್ನ ಮನಸ್ಸು ನಿಲ್ಲುವುದು ಅವರು ಮಾಡಿದ ಒಂದು ಸಣ್ಣ ಸಾಧನದ ಮೇಲೆ: ಧನುಷ್ ತಕಲಿ. ಸಾದಾ ತಕಲಿಯನ್ನು ಬೆರಳಲ್ಲಿ ತಿರುವಿ ಬಿಡಬೇಕು. ಅದು ನಿಲ್ಲುತ್ತದೆ, ಮತ್ತೆ ತಿರುವಬೇಕು. ಬೇಗ ನೂಲಬೇಕೆಂದರೆ ರಾಟಿ ಬೇಕು, ರಾಟಿಗೆ ದುಡ್ಡೂ ಜಾಗವೂ ಬೇಕು. ಫ್ರಿಡ್‌ಮನ್ ಇವೆರಡರ ನಡುವೆ ದಾರಿ ಹುಡುಕಿದರು. ಮರದ ಪುಟ್ಟ ಪೀಠ, ಅದರಲ್ಲಿ ಕೂರಿಸಿದ ಕದಿರು, ಕದಿರಿಗೆ ತಾಗಿಸಿ ಎಳೆಯಲು ಒಂದು ಬಿಲ್ಲು. ಬಲಗೈ ಬಿಲ್ಲನ್ನು ಆಡಿಸುತ್ತದೆ, ಎಡಗೈ ಹಂಜಿಯಿಂದ ಎಳೆ ತೆಗೆಯುತ್ತದೆ. ಚಕ್ರವಿಲ್ಲ, ಪೇಟೆಯಿಂದ ತರಿಸುವ ಭಾಗಗಳು ಹೆಚ್ಚಿಲ್ಲ; ಊರ ಬಡಗಿ ಮಾಡಿಕೊಡಬಹುದು. ಗಾಂಧೀಜಿಗೆ ಇದು ಮೆಚ್ಚುಗೆಯಾಯಿತು. ವಿದ್ಯುತ್ ಯಂತ್ರಗಳನ್ನು ಬಲ್ಲವರು ಬಡವನ ಬೆರಳಿನ ದಣಿವನ್ನು ಇಷ್ಟು ಹತ್ತಿರದಿಂದ ನೋಡಿದ್ದಾರಲ್ಲ, ಅದಕ್ಕಾಗಿ ನನಗೆ ಅವರ ಮೇಲೆ ಅಕ್ಕರೆ.

ಬಿಲ್ಲು ನಮಗೆ ಹೊಸದಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಡೆಂಕನ ಮರಡಿಯಲ್ಲಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನೋಡುವುದು ಬಿಲ್ಲನ್ನೇ. ಉಪವಾಸವಿದ್ದ ಗೊರವಯ್ಯ ಅದನ್ನೇರಿ ‘ಸದ್ದಲೇ’ ಎಂದೊಡನೆ ಬಯಲು ಸ್ತಬ್ಧವಾಗುತ್ತದೆ, ಕಾರಣಿಕ ಹೊರಬೀಳುತ್ತದೆ. ಗೊರವರ ಹೆಗಲ ಮೇಲಿನ ಕರಿಕಂಬಳಿಯ ಹಿಂದೆಯೂ ಒಂದು ಬಿಲ್ಲಿತ್ತು: ಕುರಿಯ ತುಪ್ಪಟವನ್ನು ಹೆದೆ ಮೀಟಿ ಹಿಂಜುತ್ತಿದ್ದ ಬಿಲ್ಲು. ಪಿಂಜಾರರ ಮನೆಗಳಲ್ಲಿ ಹತ್ತಿ ಹಿಂಜಿದ್ದೂ ಅದರಿಂದಲೇ. ಹಿಂಜಿದ ಉಣ್ಣೆಯನ್ನು ಹೆಂಗಸರು ನೂತರು, ಗಂಡಸರು ನೇಯ್ದರು, ಹುಣಸೆಬೀಜದ ಸರಿ ಹಚ್ಚಿ ಬಿಗಿ ಮಾಡಿದರು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ಹಳ್ಳಿಗಳಲ್ಲಿ ಆ ಸಾಮಾನುಗಳ ಬಳಕೆ ಎಷ್ಟು ಬೇಗ ಕಡಿಮೆಯಾಯಿತೆಂದರೆ ಈಗಿನ ಮಕ್ಕಳಿಗೆ ಹೆದೆಯ ‘ಠಂಯ್’ ಸದ್ದು ಕೇಳಿಯೇ ಗೊತ್ತಿಲ್ಲ. ಪರದೇಶದ ಎಂಜಿನಿಯರ್ ಕೈಗೆ ಬಿಲ್ಲು ಎಲ್ಲಿಂದ ಬಂತೋ. ನಮ್ಮ ಪಿಂಜಾರ ಅಜ್ಜನ ಎದುರು ಅವರು ತಮ್ಮ ತಕಲಿ ಇಟ್ಟಿದ್ದರೆ ಇಬ್ಬರಿಗೂ ದುಭಾಷಿ ಬೇಕಾಗುತ್ತಿರಲಿಲ್ಲ.

ಅವರು ಬಿಟ್ಟುಬಂದ ವಾರ್ಸಾದ ಯಹೂದಿ ಕೇರಿಯನ್ನು 1943ರಲ್ಲಿ ನಾಜಿಗಳು ನೆಲಸಮ ಮಾಡಿದರು. ಹಿಂದಿರುಗಲು ಅಲ್ಲಿ ಕೇರಿಯೇ ಇರಲಿಲ್ಲ. ಅವರೊಂದಿಗೆ ದುಡಿದ ಪೋಲಿಷ್ ಗೆಳತಿ ವಾಂಡಾ ಡೈನೋವ್ಸ್ಕಾ, ಗಾಂಧೀಜಿಯ ವಲಯದಲ್ಲಿ ಉಮಾದೇವಿ, ಟಿಬೆಟಿನಿಂದ ಓಡಿಬಂದ ಮಕ್ಕಳಿಗಾಗಿ ಕೊನೆಯ ವರ್ಷಗಳನ್ನು ಸವೆಸಿ 1971ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಫ್ರಿಡ್‌ಮನ್ ಕೂಡ ಆ ನಿರಾಶ್ರಿತರಿಗಾಗಿ ಓಡಾಡಿದರು. ಮನೆ ಕಳೆದುಕೊಂಡವರ ಸಂಕಟ ಅವರಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ. ಮುಂಬಯಿಯಲ್ಲಿ ಬೀಡಿ ಅಂಗಡಿ ಇಟ್ಟಿದ್ದ ನಿಸರ್ಗದತ್ತ ಮಹಾರಾಜರ ಮರಾಠಿ ಮಾತುಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ‘ಐ ಆ್ಯಮ್ ದಟ್’ ಪುಸ್ತಕವಾಗಿಸಿದವರೂ ಅವರೇ. ಜಗತ್ತು ಇಂದು ಅವರನ್ನು ಬಲ್ಲುದು ಬಹುಮಟ್ಟಿಗೆ ಆ ಪುಸ್ತಕದಿಂದ. 1976ರ ಮಾರ್ಚ್‌ನಲ್ಲಿ ಮುಂಬಯಿಯಲ್ಲೇ ಅವರು ಕಣ್ಣುಮುಚ್ಚಿದರು.

ಪುಸ್ತಕಕ್ಕೆ ಓದುಗರಿದ್ದಾರೆ, ಅದು ಉಳಿಯುತ್ತದೆ. ನನ್ನ ಚಿಂತೆ ತಕಲಿಯದು. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿದೆ. ಆ ಭಸ್ಮವನ್ನು ಅಲ್ಲಿಗೆ ತಂದವರ ಕಾಲದಲ್ಲಿ ಈ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ನೂಲುವುದು ದಿನಚರಿಯಾಗಿತ್ತು. ಆ ಮನೆಗಳ ಅಟ್ಟ ಹುಡುಕಿದರೆ ಒಂದೆರಡು ಧನುಷ್ ತಕಲಿ ಸಿಕ್ಕೀತೆಂದು ನನಗೆ ಆಸೆ. ಗುರುತು ಹೀಗೆ: ಗೇಣುದ್ದದ ಆಸುಪಾಸಿನ ಮರದ ಪೀಠ, ಅದರಲ್ಲಿ ತೆಳುವಾದ ಕಬ್ಬಿಣದ ಕದಿರು, ಜೊತೆಗೆ ಸಣ್ಣ ಬಿಲ್ಲು. ಬಿಲ್ಲು ಬೇರೆಯಾಗಿ ಕಳೆದುಹೋಗಿದ್ದರೆ ಪೀಠವನ್ನು ಯಾವುದೋ ಆಟಿಗೆಯೆಂದು ತಿಳಿದು ಎಸೆಯುವ ಸಂಭವ ಹೆಚ್ಚು. ದಸರೆಗೆ ಮುಂಚೆ ಮನೆ ಸಾರಿಸುವಾಗ ಅಂಥದ್ದು ಕೈಗೆ ಸಿಕ್ಕರೆ ಗುಜರಿಗೆ ಹಾಕಬೇಡಿ. ಮನೆಯ ಹಿರಿಯರು ಅದರಲ್ಲಿ ನೂತಿದ್ದರೆ ಹೇಗೆ ಕೂತು ನೂಲುತ್ತಿದ್ದರು, ಅದನ್ನು ಮಾಡಿಕೊಟ್ಟ ಬಡಗಿ ಯಾವ ಊರಿನವನು ಎಂದು ಅವರಿರುವಾಗಲೇ ಕೇಳಿ ಬರೆದಿಡಿ. ಆಯುಧಪೂಜೆಗೆ ಉಳಿ, ಬಾಚಿಗಳ ಸಾಲಿನಲ್ಲಿ ಅದನ್ನೂ ಇಡಿ.