ಪುಟ್ಟ ಮಿಲ್‌ಗೆ ದೊಡ್ಡ ಕಟರ್ ಯಾಕೆ?

ಪ್ರಾಜೆಕ್ಟ್ ಲ್ಯಾಬ್‌ನ ಕಿಟಕಿ ಪಕ್ಕ ನೀಲಿ ಪ್ಲಾಸ್ಟಿಕ್ ಶೀಟ್ ಹೊದ್ಕೊಂಡು ಒಂದು ಬೆಂಚ್‌ಟಾಪ್ ಮಿಲ್ಲಿಂಗ್ ಮೆಷಿನ್ ಕೂತಿದೆ. ಮೂರು ತಿಂಗಳಿಂದ ಅದನ್ನು ಯಾರೂ ಆನ್ ಮಾಡಿಲ್ಲ. "ಅದು ವೇಸ್ಟ್ ಮಗಾ, ಒಂದು ಸ್ಟೀಲ್ ಪ್ಲೇಟ್ ಕೂಡ ಫೇಸ್ ಮಾಡಕ್ಕಾಗಲ್ಲ" ಅನ್ನೋದು ಈಗ ಎಲ್ಲರ ತೀರ್ಪು. ಸೆಮಿಸ್ಟರ್ ಮುಗಿದ ಮೇಲೆ ಅದನ್ನು ಸ್ಟೋರ್‌ಗೆ ಸಾಗಿಸ್ತಾರೆ ಅನ್ನೋ ಮಾತೂ ಇದೆ. ಆ ಹೆಸರು ಬರೋದಕ್ಕೆ ಕಾರಣರಾದವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಬರಹ.

ಹೋದ ಸೆಮಿಸ್ಟರ್ ನಮ್ಮ ಟೀಮ್‌ಗೆ 40 ಮಿ.ಮೀ. ಅಗಲದ ಒಂದು ಮೈಲ್ಡ್ ಸ್ಟೀಲ್ ಪ್ಲೇಟ್ ಸಪಾಟಾಗಿ ಬೇಕಿತ್ತು. ಫೇಸ್ ಮಿಲ್ಲಿಂಗ್‌ಗೆ ಕಟರ್ ಜಾಬ್‌ಗಿಂತ ಸ್ವಲ್ಪ ದೊಡ್ಡದಿರಬೇಕು ಅಂತ ಓದಿದ್ವಿ. ಅದನ್ನೇ ನಂಬಿ 50 ಮಿ.ಮೀ. ಫೇಸ್ ಮಿಲ್ ತಂದ್ವಿ. ನಾಲ್ಕು ಇನ್ಸರ್ಟ್, ಚಿನ್ನದ ಬಣ್ಣದ ಕೋಟಿಂಗ್, ನೋಡೋಕೆ ಮದುವೆ ಮನೆ ಒಡವೆ ಥರ. ಒಂದು ಮಿ.ಮೀ. ಕಟ್ ಕೊಟ್ಟು ಹ್ಯಾಂಡಲ್ ತಿರುಗಿಸಿದ ತಕ್ಷಣ ಮೆಷಿನ್ ಗಡಗಡ ಅಂತು, ಹೆಡ್ ನಡುಗ್ತು, ಮೋಟಾರ್ ನಿಂತೇಹೋಯ್ತು. ಮತ್ತೆ ಹಚ್ಚಿ ಮೆಲ್ಲಗೆ ತಳ್ಳಿದ್ರೆ ಕೀಚು ಸದ್ದು. ಕೊನೆಗೆ ಪ್ಲೇಟ್ ಮೇಲೆ ಉಳಿದದ್ದು ರಾಗಿ ಮುದ್ದೆ ಮೇಲೆ ಬೆರಳು ಎಳೆದಂಥ ಗೆರೆಗಳು. ಪ್ಲೇಟ್ ಸ್ಕ್ರ್ಯಾಪ್ ಆಯ್ತು, ಬೈಗುಳ ಮೆಷಿನ್‌ಗೆ ಬಿತ್ತು.

ತಪ್ಪು ಮೆಷಿನ್‌ದಲ್ಲ. ಲೆಕ್ಕ ಹಾಕದೇ ಇದ್ದದ್ದು ನಾವು. ಮೂರನೇ ಸೆಮ್‌ನಲ್ಲೇ ಕಲಿತ ಲೆಕ್ಕ ಅದು, ಇಲ್ಲೇ ಹಾಕೋಣ.

ಕಾರ್ಬೈಡ್‌ಗೆ ಮೈಲ್ಡ್ ಸ್ಟೀಲ್‌ನಲ್ಲಿ ನಿಮಿಷಕ್ಕೆ 120 ಮೀಟರ್ ಕಟಿಂಗ್ ಸ್ಪೀಡ್ ಅಂತ ಇಟ್ಕೊಳ್ಳಿ. 50 ಮಿ.ಮೀ. ವ್ಯಾಸಕ್ಕೆ ಸುಮಾರು 760 ಆರ್‌ಪಿಎಂ. ಒಂದೊಂದು ಹಲ್ಲಿಗೆ 0.1 ಮಿ.ಮೀ. ಫೀಡ್ ಅಂದ್ರೆ, ನಾಲ್ಕು ಹಲ್ಲಿಗೆ ಟೇಬಲ್ ನಿಮಿಷಕ್ಕೆ 304 ಮಿ.ಮೀ. ಓಡಬೇಕು. 40 ಮಿ.ಮೀ. ಅಗಲ, 1 ಮಿ.ಮೀ. ಆಳ: ಸೆಕೆಂಡಿಗೆ ಹೆಚ್ಚುಕಮ್ಮಿ 200 ಘನ ಮಿ.ಮೀ. ಲೋಹ ಹೊರಬರಬೇಕು. ಮೈಲ್ಡ್ ಸ್ಟೀಲ್‌ನಲ್ಲಿ ಸೆಕೆಂಡಿಗೆ ಒಂದು ಘನ ಮಿ.ಮೀ. ತೆಗೆಯೋಕೆ ಸುಮಾರು 2.5 ವ್ಯಾಟ್ ಬೇಕು. ಒಟ್ಟು 500 ವ್ಯಾಟ್. ನಮ್ಮ ಮೆಷಿನ್‌ನ ಮೋಟಾರೇ 350 ವ್ಯಾಟ್, ಅದರಲ್ಲಿ ಸ್ಪಿಂಡಲ್‌ಗೆ ಮುಟ್ಟೋದು 250 ಇದ್ದರೆ ಹೆಚ್ಚು. ನಿಲ್ಲದೇ ಇನ್ನೇನು ಮಾಡುತ್ತೆ?

"ಹಾಗಾದ್ರೆ ಫೀಡ್ ಕಮ್ಮಿ ಮಾಡು" ಅಂತೀರಿ. ನಾವೂ ಅದನ್ನೇ ಮಾಡಿದ್ದು. ಫೀಡನ್ನು ನಿಮಿಷಕ್ಕೆ 100 ಮಿ.ಮೀ.ಗೆ ಇಳಿಸಿದರೆ ಪ್ರತಿ ಹಲ್ಲಿಗೆ ಸಿಗೋದು 0.033 ಮಿ.ಮೀ. ಆದರೆ ಸ್ಟೀಲ್‌ಗೆ ಅಂತ ಅಚ್ಚಲ್ಲಿ ಒತ್ತಿ ಮಾಡಿದ ಇನ್ಸರ್ಟ್‌ನ ಅಂಚು ಬ್ಲೇಡ್ ಥರ ಚೂಪಾಗಿರಲ್ಲ. ಮುರೀದೇ ಇರ್ಲಿ ಅಂತ ಬೇಕಂತಲೇ ಸ್ವಲ್ಪ ಗುಂಡಗೆ ಮಾಡಿರ್ತಾರೆ. ಅಷ್ಟು ತೆಳ್ಳನೆ ಚಿಪ್ ಕೊಟ್ರೆ ಅದು ಕೊಯ್ಯಲ್ಲ, ಉಜ್ಜುತ್ತೆ. ಉಜ್ಜಿದ್ರೆ ಬಿಸಿ, ಬಿಸಿಯ ಜೊತೆ ಚಾಟರ್. ಕೀಚು ಸದ್ದು ಅದೇ.

ಈಗ ನನ್ನ ವಾದಕ್ಕೆ ಬರ್ತೀನಿ. ಪುಟ್ಟ ಮೆಷಿನ್‌ನಲ್ಲಿ ಕಟರ್ ಆರಿಸುವಾಗ ಜಾಬ್‌ನ ಅಗಲ ಮೊದಲನೇ ಪ್ರಶ್ನೆ ಆಗಬಾರದು. ಮೆಷಿನ್ ಎಷ್ಟು ಹಲ್ಲುಗಳಿಗೆ ಸರಿಯಾದ ಚಿಪ್ ಕೊಡಬಲ್ಲದು ಅನ್ನೋದು ಮೊದಲನೇ ಪ್ರಶ್ನೆ ಆಗಬೇಕು. ನಮ್ಮ ಮೆಷಿನ್‌ಗೆ ಆ ಉತ್ತರ ಒಂದು, ಹೆಚ್ಚಂದ್ರೆ ಎರಡು.

ಅದೇ ಕಟರ್‌ನಲ್ಲಿ ಎದುರುಬದುರಿನ ಎರಡು ಇನ್ಸರ್ಟ್ ಬಿಚ್ಚಿಟ್ಟು ನೋಡಿ. ಹಲ್ಲಿಗೆ 0.1 ಮಿ.ಮೀ. ಉಳಿಸ್ಕೊಂಡೇ ಫೀಡ್ 152ಕ್ಕೆ ಇಳಿಯುತ್ತೆ, 0.75 ಮಿ.ಮೀ. ಆಳಕ್ಕೆ ಬೇಕಾಗೋದು 190 ವ್ಯಾಟ್. ಬ್ಯಾಲೆನ್ಸ್‌ಗೂ ತೊಂದರೆ ಇಲ್ಲ. ಹೊಸದಾಗಿ ಕೊಳ್ಳೋದಾದ್ರೆ 25 ಅಥವಾ 32 ಮಿ.ಮೀ., ಎರಡೇ ಇನ್ಸರ್ಟ್‌ನ ಕಟರ್ ತಗೊಳ್ಳಿ. ಅದಕ್ಕೆ ಅಲ್ಯೂಮಿನಿಯಂಗೆ ಅಂತ ಮಾಡೋ, ಗ್ರೈಂಡ್ ಮಾಡಿ ಪಾಲಿಶ್ ಮಾಡಿದ ಚೂಪು ಇನ್ಸರ್ಟ್ ಹಾಕಿ. ಸ್ಟೀಲ್‌ನಲ್ಲಿ ಅವು ಬೇಗ ಸವೆಯುತ್ತವೆ ನಿಜ, ಆದರೆ ಕಮ್ಮಿ ಒತ್ತಡದಲ್ಲಿ ಕೊಯ್ಯುತ್ತವೆ. ನಮಗೆ ಬೇಕಾದ್ದು ಅದೇ. 40 ಮಿ.ಮೀ. ಪ್ಲೇಟ್‌ಗೆ ಎರಡು ಪಾಸ್ ಆಗುತ್ತೆ. ಆಗಲಿ ಬಿಡಿ, ಯಾವ ರೈಲು ತಪ್ಪುತ್ತೆ?

ಆದರೆ ಅಲ್ಯೂಮಿನಿಯಂಗೆ ನನ್ನ ವೋಟು ಫ್ಲೈ ಕಟರ್‌ಗೆ. ಒಂದು ಉಕ್ಕಿನ ಗುಂಡು, ಅದರಲ್ಲಿ ಓರೆಯಾಗಿ ಸಿಕ್ಕಿಸಿದ ಒಂದೇ ಎಚ್‌ಎಸ್‌ಎಸ್ ಟೂಲ್ ಬಿಟ್, ಬಿಗಿಯೋಕೆ ಸ್ಕ್ರೂ. ಅಷ್ಟೇ. ಬಾಡಿಯನ್ನು ನಮ್ಮ ಲೇತ್‌ನಲ್ಲೇ ಮಾಡ್ಕೋಬಹುದು. 50 ಮಿ.ಮೀ. ಸುತ್ತಿಗೆ 480 ಆರ್‌ಪಿಎಂ, ನಿಮಿಷಕ್ಕೆ 48 ಮಿ.ಮೀ. ಫೀಡ್, ಅರ್ಧ ಮಿ.ಮೀ. ಕಟ್, ಬ್ರಶ್‌ನಲ್ಲಿ ಎರಡು ಹನಿ ಸೀಮೆಎಣ್ಣೆ. 100 ಮಿ.ಮೀ. ಉದ್ದದ ಜಾಬ್ ಮೂರು ನಿಮಿಷದಲ್ಲಿ ಕನ್ನಡಿ ಥರ ಹೊರಬರುತ್ತೆ.

ಇದಕ್ಕೂ ದೋಷ ಇದೆ, ಮುಚ್ಚಿಡಲ್ಲ. ಸ್ಟೀಲ್‌ನಲ್ಲಿ ಎಚ್‌ಎಸ್‌ಎಸ್‌ಗೆ 25 ಮೀಟರ್ ಸ್ಪೀಡ್ ಸಾಕು, ಅಂದ್ರೆ 160 ಆರ್‌ಪಿಎಂ. ಅಷ್ಟು ಕೆಳಗೆ ನಮ್ಮ ಮೋಟಾರ್‌ಗೆ ಕಸುವಿಲ್ಲ, ಅದೇ ಜಾಬ್‌ಗೆ ಒಂಬತ್ತು ನಿಮಿಷ ಬೇಕು. ಒಂದೇ ಹಲ್ಲು ಪ್ರತಿ ಸುತ್ತಿಗೂ ಹೊಡೆಯೋದರಿಂದ, ಹೆಡ್‌ನಲ್ಲಿ ಪ್ಲಾಸ್ಟಿಕ್ ಗೇರ್ ಇರೋ ಪುಟ್ಟ ಮಿಲ್‌ಗಳಿಗೆ ಅದು ಒಳ್ಳೇದಲ್ಲ. ಅದಕ್ಕೇ ಸ್ಟೀಲ್‌ಗೆ ಎರಡು ಹಲ್ಲಿನ ಕಟರ್, ಅಲ್ಯೂಮಿನಿಯಂಗೆ ಫ್ಲೈ ಕಟರ್ ಅಂತ ನಾನು ಹಂಚಿರೋದು.

ಇನ್ನೊಂದು ಮಾತು. ಹೆಡ್ ಟೇಬಲ್‌ಗೆ ಲಂಬವಾಗಿಲ್ಲದಿದ್ರೆ ಫ್ಲೈ ಕಟರ್ ಅದನ್ನ ಮರೆಮಾಚಲ್ಲ. ಜಾಬ್ ಮೇಲೆ ಗೆರೆಗಳು ಎರಡೂ ಕಡೆಯಿಂದ ಜಾಲರಿ ಥರ ಬಿದ್ದರೆ ಹೆಡ್ ನೇರ ಇದೆ. ಒಂದೇ ಕಡೆ ಕಮಾನು ಬಿದ್ದರೆ ಓರೆ ಇದೆ. 100 ಮಿ.ಮೀ.ಗೆ 0.05 ಓರೆ ಇದ್ದರೆ, 50 ಮಿ.ಮೀ. ಸುತ್ತಿನ ಕಟರ್ 40 ಮಿ.ಮೀ. ಅಗಲದ ಜಾಬ್‌ನ ನಡುವೆ 0.005 ಮಿ.ಮೀ. ತಗ್ಗು ಮಾಡುತ್ತೆ. ನಮ್ಮ ಬ್ರಾಕೆಟ್‌ಗೆ ಅದು ಲೆಕ್ಕಕ್ಕೇ ಇಲ್ಲ. ಆದರೂ ಸ್ಪಿಂಡಲ್‌ಗೆ ಡಯಲ್ ಗೇಜ್ ಕಟ್ಟಿ ಒಂದು ಸುತ್ತು ತಿರುಗಿಸಿ ನೋಡೋ ಅಭ್ಯಾಸ ಆಗಲಿ.

"ಇಂಡಸ್ಟ್ರಿಯಲ್ಲಿ ಫ್ಲೈ ಕಟರ್ ಯಾರು ಹಾಕ್ತಾರೆ? ಇಂಟರ್‌ವ್ಯೂನಲ್ಲಿ ಹೇಳಿದ್ರೆ ನಗ್ತಾರೆ" ಅಂತ ನನ್ನ ರೂಮ್‌ಮೇಟ್ ಕೇಳ್ದ. ಪೀಣ್ಯದ ಶೆಡ್‌ನಲ್ಲಿರೋ ವಿಎಂಸಿಗೆ ಹತ್ತು ಕಿಲೋವ್ಯಾಟ್ ಆಸುಪಾಸಿನ ಸ್ಪಿಂಡಲ್, ಟನ್‌ಗಟ್ಟಲೆ ಬೀಡು ಕಬ್ಬಿಣದ ಮೈ. ಅಲ್ಲಿ 63 ಮಿ.ಮೀ. ಫೇಸ್ ಮಿಲ್ ಹಾಕೋದೇ ಸರಿ. ನಮ್ಮ ವರ್ಕ್‌ಶಾಪ್‌ನ ಹಳೇ ಎಚ್‌ಎಂಟಿ ಮಿಲ್ಲಿಂಗ್ ಮೆಷಿನ್ ಕೂಡ ಅದನ್ನ ಆರಾಮಾಗಿ ಹೊರುತ್ತೆ. ಲ್ಯಾಬ್‌ನಲ್ಲಿರೋದು ಇಬ್ಬರು ಎತ್ತಿ ಟೇಬಲ್ ಮೇಲೆ ಇಡಬಹುದಾದ ಮೆಷಿನ್. ಇಂಟರ್‌ವ್ಯೂನಲ್ಲಿ ಈ ವ್ಯತ್ಯಾಸವನ್ನು ನಂಬರ್ ಇಟ್ಟು ಹೇಳಿದವನನ್ನು ನೋಡಿ ಯಾರೂ ನಗಲ್ಲ ಅಂತ ನನ್ನ ನಂಬಿಕೆ.

ಅದಕ್ಕಿಂತ ದೊಡ್ಡ ವಿಷಯ ಒಂದಿದೆ. ಇನ್ಸರ್ಟ್ ಸವೆದರೆ ತಿರುಗಿಸಿ ಹಾಕ್ತೀವಿ, ಮುಗೀತು. ಟೂಲ್ ಬಿಟ್ ಸವೆದರೆ ಗ್ರೈಂಡರ್ ಮುಂದೆ ನಿಂತು ನಾವೇ ಮಸೀಬೇಕು. ರೇಕ್ ಆಂಗಲ್, ಕ್ಲಿಯರೆನ್ಸ್ ಆಂಗಲ್ ಅಂತ ಪರೀಕ್ಷೆಯಲ್ಲಿ ಚಿತ್ರ ಬರೆದು ಮಾರ್ಕ್ಸ್ ತಗೊಂಡೋರು ನಾವು. ಕ್ಲಿಯರೆನ್ಸ್ ಕಮ್ಮಿ ಆದ್ರೆ ಟೂಲ್ ಹೇಗೆ ಕಿರುಚುತ್ತೆ ಅಂತ ಕೇಳಿಸ್ಕೊಂಡೋರು ಎಷ್ಟು ಜನ? ನಾನು ಮಸೆದ ಮೊದಲ ಮೂರು ಬಿಟ್ ದಂಡ. ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಸರ್ ನಾಲ್ಕನೇದನ್ನ ಬೆಳಕಿಗೆ ಹಿಡಿದು ನೋಡಿ, "ಈಗ ಕೊಯ್ಯುತ್ತೆ ಹೋಗಪ್ಪ" ಅಂದ್ರು. ಕೊಯ್ತು. ಅದೇ "ವೇಸ್ಟ್" ಮೆಷಿನ್‌ನಲ್ಲಿ.

ಹೊಸ ವರ್ಷದ ಪರ್ಚೇಸ್ ಲಿಸ್ಟ್‌ನಲ್ಲಿ 63 ಮಿ.ಮೀ. ಫೇಸ್ ಮಿಲ್ ಇದೆ ಅಂತ ಕೇಳ್ಪಟ್ಟೆ. ದಯವಿಟ್ಟು ಅದನ್ನ ಹೊಡೆದುಹಾಕಿ. ಅದರ ಬದಲು ಒಂದು 25 ಮಿ.ಮೀ. ಎರಡು ಹಲ್ಲಿನ ಕಟರ್, ಹತ್ತು ಎಚ್‌ಎಸ್‌ಎಸ್ ಬಿಟ್, ಗ್ರೈಂಡರ್‌ಗೆ ಹೊಸ ವೀಲ್ ಮತ್ತು ನಾಲ್ಕು ಜೊತೆ ಕನ್ನಡಕ ಬರೀರಿ. ಕಟರ್‌ನ ಡ್ರಿಲ್ ಚಕ್‌ನಲ್ಲಿ ಹಿಡಿಯಬೇಡಿ, ಪಕ್ಕದ ಒತ್ತಡಕ್ಕೆ ಅದು ಕಳಚಿ ಬೀಳಬಹುದು. ಕಾಲೆಟ್‌ನಲ್ಲೇ ಹಿಡೀರಿ. ತಿರುಗೋ ಫ್ಲೈ ಕಟರ್ ಹತ್ರ ಗ್ಲೌಸ್ ಬೇಡ, ತುಂಬು ತೋಳಿನ ಶರ್ಟ್ ಬೇಡ.

ಮೆಷಿನ್ ಸ್ಟೋರ್‌ಗೆ ಹೋಗೋ ಮುಂಚೆ ಒಂದು ಅವಕಾಶ ಕೊಡೋಣ. ಬುಧವಾರ ಲ್ಯಾಬ್ ಮುಗಿದ ಮೇಲೆ ನಾನು ಗ್ರೈಂಡರ್ ಹತ್ರ ಇರ್ತೀನಿ. ಫಸ್ಟ್ ಇಯರ್‌ನೋರೂ ಬನ್ನಿ. ಬಿಟ್ ಹಾಳಾದ್ರೆ ಯಾರೂ ಬೈಯಲ್ಲ, ನಾನಂತೂ ಬೈಯೋ ಹಾಗೇ ಇಲ್ಲ.